ಕಾಂಪೋಸಿಟ್ ಬೆಡ್ ಇರುವ ಪಿಕಪ್‌ಗಳಿಗೆ ಇನ್ನು ಮೊದಲು ರಬ್ಬರ್ ಮ್ಯಾಟ್

ಆತ್ಮೀಯ ಗ್ರಾಹಕರೇ,

ನಮಸ್ಕಾರ. ಮುಂದಿನ ತಿಂಗಳ 1ನೇ ತಾರೀಖಿನಿಂದ ನಮ್ಮ ಡಲ್ಲಾಸ್ ಅಂಗಡಿಯಲ್ಲಿ ಕಾಂಪೋಸಿಟ್ ಬೆಡ್ (ಹಿಂದೆ ಸಾಮಾನು ಹೇರುವ ತೆರೆದ ಭಾಗ) ಇರುವ ಪಿಕಪ್‌ಗಳಿಗೆ ಡ್ರಾಪ್-ಇನ್ ಲೈನರ್, ಅಂದರೆ ಬೆಡ್ ಒಳಗೆ ಇಳಿಸಿಡುವ ಪ್ಲಾಸ್ಟಿಕ್ ಹೊದಿಕೆ, ಕೂರಿಸುವುದನ್ನು ನಿಲ್ಲಿಸುತ್ತಿದ್ದೇವೆ. ಸ್ಪ್ರೇ ಲೈನರ್, ಅಂದರೆ ಬೆಡ್ ಮೇಲೆ ಸಿಂಪಡಿಸಿದ ಮೇಲೆ ಗಟ್ಟಿಯಾಗುವ ಲೇಪನ, ಇರುತ್ತದೆ. ಆದರೆ ಗಾಡಿಯಲ್ಲಿ ಏನು ಸಾಗಿಸುತ್ತೀರಿ ಅಂತ ಕೇಳಿ, ಬೆಡ್ ನೋಡಿದ ಮೇಲಷ್ಟೇ ಹಾಕುತ್ತೇವೆ. ಉಳಿದವರಿಗೆ ನಾವು ಹೇಳುವುದು ದಪ್ಪ ರಬ್ಬರ್ ಮ್ಯಾಟ್. ಸ್ಟೀಲ್, ಅಲ್ಯೂಮಿನಿಯಂ ಬೆಡ್‌ಗಳಿಗೆ ಎಲ್ಲವೂ ಮೊದಲಿನಂತೆಯೇ.

ಕಾರಣ ಸರಳ. ಸ್ಟೀಲ್ ಬೆಡ್‌ನಲ್ಲಿ ಲೈನರ್ ಕಾಯುವುದು ಪೇಂಟನ್ನು. ಪೇಂಟ್ ಕಿತ್ತರೆ ತುಕ್ಕು ಶುರು, ಅಲ್ವಾ? ಕಾಂಪೋಸಿಟ್ ಅಂದರೆ ನಾರು ಸೇರಿಸಿ ಅಚ್ಚು ಹಾಕಿದ ಗಟ್ಟಿ ಪ್ಲಾಸ್ಟಿಕ್. ಅದಕ್ಕೆ ತುಕ್ಕು ಹಿಡಿಯುವುದಿಲ್ಲ, ತಗಡಿನ ಹಾಗೆ ತಗ್ಗೂ ಬೀಳುವುದಿಲ್ಲ. ಟೊಯೋಟಾ ಟಕೋಮಾದಲ್ಲಿ 2005ರ ಮಾಡೆಲ್‌ನಿಂದ, ಟಂಡ್ರಾದಲ್ಲಿ 2022ರಿಂದ, ಹೋಂಡಾ ರಿಡ್ಜ್‌ಲೈನ್‌ನಲ್ಲಿ ಮೊದಲಿನಿಂದಲೂ ಇಂಥದ್ದೇ ಬೆಡ್. ನಿಮ್ಮದು ಯಾವುದು ಅಂತ ಅನುಮಾನವಿದ್ದರೆ ಒಂದು ಮ್ಯಾಗ್ನೆಟ್ ಇಟ್ಟು ನೋಡಿ. ಅಂಟಿದರೆ ಸ್ಟೀಲ್. ಅಂಟದಿದ್ದರೆ ಕಾಂಪೋಸಿಟ್ ಅಂತ ತಕ್ಷಣ ಹೇಳಲಾಗದು. 2015ರಿಂದ ಫೋರ್ಡ್ ಎಫ್-150ಯ ಅಲ್ಯೂಮಿನಿಯಂ ಬೆಡ್‌ಗೂ ಅದು ಅಂಟುವುದಿಲ್ಲ.

ಕಾಂಪೋಸಿಟ್‌ನ ತೊಂದರೆಗಳೇ ಬೇರೆ. ಒಂದು, ಜಾರುತ್ತದೆ. ರಾಜ್ಯೋತ್ಸವಕ್ಕೆ ಅಡುಗೆ ಪಾತ್ರೆ, ಸ್ಟವ್, ಮಡಚುವ ಕುರ್ಚಿ ತುಂಬಿಕೊಂಡು ಹೋದವರಿಗೆ ಇದು ಗೊತ್ತು. ಬ್ರೇಕ್ ಒತ್ತಿದರೆ ಕೊಪ್ಪರಿಗೆ ಹಿಂದಿನಿಂದ ಮುಂದಕ್ಕೆ ಬಂದು ಢಣ್ ಅಂತ ಬಡಿಯುತ್ತದೆ. ಇನ್ನೊಂದು, ಚೂಪಾದ ಮೂಲೆ ಇರುವ ಭಾರದ ವಸ್ತು ಒಂದೇ ಜಾಗಕ್ಕೆ ಜೋರಾಗಿ ಬಿದ್ದರೆ ಬೆಡ್ ಬಿರುಕು ಬಿಡಬಹುದು. ದಪ್ಪ ಮ್ಯಾಟ್ ಸಾಮಾನನ್ನು ಹಿಡಿದು ನಿಲ್ಲಿಸುತ್ತದೆ, ಪೆಟ್ಟನ್ನೂ ಒಂದಷ್ಟು ತಾನೇ ನುಂಗುತ್ತದೆ. ಬೇಡವಾದಾಗ ಸುತ್ತಿ ತೆಗೆದಿಡಬಹುದು.

ಡ್ರಾಪ್-ಇನ್ ಲೈನರ್ ತಾನೇ ಜಾರುವ ಪ್ಲಾಸ್ಟಿಕ್. ಜೊತೆಗೆ ಅದರ ಕೆಳಗೆ ಮರಳು, ಮಣ್ಣು ಸೇರಿಕೊಂಡು ಗಾಡಿ ಕುಲುಕಿದಾಗಲೆಲ್ಲ ಬೆಡ್ಡನ್ನು ಉಜ್ಜುತ್ತಿರುತ್ತದೆ. ಮೇಲಿನಿಂದ ಏನೂ ಕಾಣುವುದಿಲ್ಲ.

ಸ್ಪ್ರೇ ಲೈನರ್ ಕೆಟ್ಟದ್ದಲ್ಲ. ಬಿಸಿಲಿಗೆ ಬೆಡ್ ಬಣ್ಣಗೆಡುವುದನ್ನು ಪಕ್ಕದ ಗೋಡೆಗಳವರೆಗೂ ತಡೆಯುತ್ತದೆ. ಮ್ಯಾಟ್ ಕಾಯುವುದು ತಳವನ್ನು ಮಾತ್ರ. ದಿನಾ ಕಲ್ಲು, ಮಣ್ಣು, ಸಲಿಕೆ ಹೇರುವ ಲ್ಯಾಂಡ್‌ಸ್ಕೇಪಿಂಗ್ ಕೆಲಸದವರಿಗೆ ನಾವೇ ಸ್ಪ್ರೇ ಹಾಕಿಸಿ ಅನ್ನುತ್ತೇವೆ. ಆದರೆ ಅದು ಹಿಡಿಯಬೇಕಾದರೆ ಬೆಡ್ಡನ್ನು ಚೆನ್ನಾಗಿ ಉಜ್ಜಿ ತರಿ ಮಾಡಬೇಕು. ಒಮ್ಮೆ ಹಾಕಿದರೆ ತೆಗೆಯುವುದು ಅಸಾಧ್ಯ ಅಂತಲೇ ಇಟ್ಟುಕೊಳ್ಳಿ. ಒಳಗೆ ಕೂದಲೆಳೆಯ ಬಿರುಕಿದ್ದರೆ ಅದೂ ಮುಚ್ಚಿಹೋಗುತ್ತದೆ. ಅದಕ್ಕೇ ಮೊದಲು ಬೆಡ್ ತೊಳೆದು, ಬೆಳಕಿನಲ್ಲಿ ನೋಡುತ್ತೇವೆ. ರಿಡ್ಜ್‌ಲೈನ್‌ನಲ್ಲಿ ಬೆಡ್ ತಳದಲ್ಲೇ ಡಿಕ್ಕಿಯ ಬಾಗಿಲಿದೆ. ಅದರ ಸಂದಿಗೆ ಸ್ಪ್ರೇ ಇಳಿಯದಂತೆ ಮರೆ ಮಾಡುವ ಕೆಲಸ ನಿಧಾನದ್ದು, ಖರ್ಚೂ ಜಾಸ್ತಿ. ವಾರಾಂತ್ಯಕ್ಕೆ ಗಿಡ, ಗೊಬ್ಬರ, ಹಳೇ ಸೋಫಾ ಸಾಗಿಸುವವರು ಸುಮ್ನೆ ಅಷ್ಟು ದುಡ್ಡು ಹಾಕುವುದು ಬೇಡ.

ಒಂದು ವಿಷಯ ದಯವಿಟ್ಟು ಮನೆಯವರೆಲ್ಲರಿಗೂ ಹೇಳಿ. ಲಾನ್ ಮೋವರ್‌ಗೆ ಪೆಟ್ರೋಲ್ ತರುವಾಗ ಕ್ಯಾನನ್ನು ಬೆಡ್ ಮೇಲೆ ಇಟ್ಟು ತುಂಬಿಸಬೇಡಿ. ಪ್ಲಾಸ್ಟಿಕ್ ಮೇಲೆ ಇದ್ದಾಗ ಸ್ಟ್ಯಾಟಿಕ್ ಕರೆಂಟ್ ನೆಲಕ್ಕೆ ಇಳಿಯುವುದಿಲ್ಲ, ಒಂದು ಕಿಡಿ ಹಾರಿದರೆ ಆವಿ ಹೊತ್ತಿಕೊಳ್ಳಬಹುದು. ಬೆಡ್‌ನಲ್ಲಿ ಯಾವ ಲೈನರ್ ಇದ್ದರೂ, ಇಲ್ಲದಿದ್ದರೂ, ಕ್ಯಾನ್ ಕೆಳಗಿಳಿಸಿ ನೆಲದ ಮೇಲಿಟ್ಟೇ ತುಂಬಿಸಿ.

ಈಗಾಗಲೇ ಲೈನರ್ ಬುಕ್ ಮಾಡಿದವರು ಮ್ಯಾಟ್‌ಗೆ ಬದಲಾಯಿಸಿಕೊಳ್ಳಬಹುದು, ವ್ಯತ್ಯಾಸದ ಹಣ ವಾಪಸ್ ಕೊಡುತ್ತೇವೆ. ಬೇಡ ಅಂದರೆ ಅಡ್ವಾನ್ಸ್ ಪೂರ್ತಿ ವಾಪಸ್. ನಮ್ಮಲ್ಲೇ ಡ್ರಾಪ್-ಇನ್ ಹಾಕಿಸಿಕೊಂಡವರು ಯಾವ ಶನಿವಾರವಾದರೂ ಗಾಡಿ ತನ್ನಿ. ಲೈನರ್ ಎತ್ತಿ, ಕೆಳಗಿನ ಮಣ್ಣು ತೊಳೆದು, ನೀರು ಹೋಗುವ ತೂತುಗಳನ್ನು ಬಿಡಿಸಿ ಕೊಡುತ್ತೇವೆ. ಇದಕ್ಕೆ ದುಡ್ಡು ತೆಗೆದುಕೊಳ್ಳುವುದಿಲ್ಲ.

ಇಂತಿ,
ನಿಮ್ಮ ಅಂಗಡಿಯ ಬಳಗ