ಹುಲಿಯ ಚಿತ್ರಕ್ಕಾಗಿ ಹುಲಿಯ ದಾರಿ ಕಟ್ಟುವುದು ಬೇಡ

ಮಾನ್ಯ ಸಂಪಾದಕರೇ,

ವನ್ಯಜೀವಿ ಛಾಯಾಗ್ರಹಣಕ್ಕೆಂದೇ ಏರ್ಪಡಿಸುವ, ಗೈಡ್ ಜೊತೆಗಿರುವ ಸಫಾರಿಗಳು ಈಚಿನ ವರ್ಷಗಳಲ್ಲಿ ನಮ್ಮ ಹುಲಿ ಕಾಡುಗಳಲ್ಲಿ ಬಹಳ ಸಾಮಾನ್ಯವಾಗಿವೆ. ಹದಿನೈದು ವರ್ಷಗಳಿಂದ ಕ್ಯಾಮೆರಾ ಹಿಡಿದು ನಾಗರಹೊಳೆ, ಬಂಡೀಪುರ, ಭದ್ರಾ ಕಾಡುಗಳ ಸಫಾರಿ ರಸ್ತೆಗಳಲ್ಲಿ ಓಡಾಡಿರುವ ನಾನು ಅವುಗಳನ್ನು ನಿಲ್ಲಿಸಬೇಕೆಂದು ಬರೆಯುತ್ತಿಲ್ಲ. ಅವು ನಡೆಯುವ ರೀತಿಯಲ್ಲಿ ಒಂದು ದೋಷವಿದೆ, ಅದನ್ನು ಸರಿಪಡಿಸುವುದು ಕಷ್ಟವಲ್ಲ ಎಂಬ ನಂಬಿಕೆಯಿಂದ ಬರೆಯುತ್ತಿದ್ದೇನೆ.

ಕೆಲವು ಬೇಸಿಗೆಗಳ ಹಿಂದೆ ರಾಜ್ಯದ ದಕ್ಷಿಣದ ಕಾಡೊಂದರಲ್ಲಿ ನಡೆದ ಮೂರು ದಿನಗಳ ಛಾಯಾಗ್ರಹಣ ಶಿಬಿರಕ್ಕೆ ಸೇರಿದ್ದೆ. ಎರಡನೆಯ ಸಂಜೆ ಹಡ್ಲಿನ (ಕಾಡಿನ ನಡುವಿನ ತೇವದ ಹುಲ್ಲುಬಯಲಿನ) ಅಂಚಿನಲ್ಲಿ ಜಿಂಕೆಯೊಂದು ಎಚ್ಚರಿಕೆಯ ಕೂಗು ಹಾಕಿತು. ಸ್ವಲ್ಪ ಹೊತ್ತಿನಲ್ಲಿ ಕಡವೆಯೂ ದನಿಗೂಡಿಸಿತು. ಕಾಡಂಚಿನ ಆದಿವಾಸಿ ಹಾಡಿಯಿಂದ ಬಂದಿದ್ದ ನಮ್ಮ ಗೈಡ್ ಜೀಪಿನ ಎಂಜಿನ್ ನಿಲ್ಲಿಸಲು ಹೇಳಿ, ಮತ್ತಿ ಮರದ ಮೇಲಿದ್ದ ಮುಸುವಗಳು ಯಾವ ಕಡೆ ನೋಡುತ್ತಿವೆ ಎಂಬುದನ್ನು ಗಮನಿಸಿ, ಲಂಟಾನ ಎಂಬ ಕಳೆಗಿಡದ ಪೊದೆಯೊಂದನ್ನು ಬೆರಳಿನಿಂದ ತೋರಿಸಿದರು. ಐದು ನಿಮಿಷ ಕಳೆಯುವುದರೊಳಗೆ ಅದೇ ಪೊದೆಯಿಂದ ಹೆಣ್ಣುಹುಲಿಯೊಂದು ರಸ್ತೆಗಿಳಿದು, ನಮಗೆ ಬೆನ್ನು ಮಾಡಿ ನಡೆಯತೊಡಗಿತು. ಆಗ ಶಿಬಿರದ ಮುಂದಾಳು, ಮುಖ ಸಿಗದಿದ್ದರೆ ಚಿತ್ರವೇ ಅಲ್ಲವೆಂದು ಜೀಪನ್ನು ಮುಂದೆ ಕೊಂಡೊಯ್ಯಲು ಚಾಲಕನನ್ನು ಒತ್ತಾಯಿಸಿದರು. ನಮ್ಮ ಜೀಪು ಹುಲಿಯನ್ನು ದಾಟಿ ಮುಂದೆ ಹೋಗಿ ಅಡ್ಡ ನಿಂತಿತು; ಹಿಂದಿನಿಂದ ಇನ್ನೆರಡು ಬಂದವು. ಮುಂದೆಯೂ ಹಿಂದೆಯೂ ದಾರಿ ಕಾಣದ ಆ ಪ್ರಾಣಿ ಕಿವಿಗಳನ್ನು ಹಿಂದಕ್ಕೆ ಒತ್ತಿ ಒಂದು ಕ್ಷಣ ನಿಂತು, ಬಂದ ಪೊದೆಯೊಳಕ್ಕೇ ಸರಿದುಹೋಯಿತು. ಮರಳುವಾಗ ಗೈಡ್ ನನ್ನೊಡನೆ ಮೆಲ್ಲನೆ ಆಡಿದ ಮಾತು ಇಂದಿಗೂ ಮರೆತಿಲ್ಲ: ‘ಬೇಡ ಅಂದಿದ್ದರೆ ನಾಳೆಯಿಂದ ನನ್ನನ್ನು ಕರೆಯೋದೇ ಇಲ್ಲ, ಸರ್.’

ನಿಯಮವಿಲ್ಲದೆ ಹೀಗಾಗುತ್ತಿಲ್ಲ. 2012ರಲ್ಲಿ ಸುಪ್ರೀಂ ಕೋರ್ಟಿನ ಮುಂದಿದ್ದ ಪ್ರಕರಣದ ನಡುವೆ ರಾಷ್ಟ್ರೀಯ ಹುಲಿ ಸಂರಕ್ಷಣಾ ಪ್ರಾಧಿಕಾರ ಹೊರಡಿಸಿದ ಮಾರ್ಗಸೂಚಿಯು ಪ್ರಾಣಿಗಳಿಂದ ಕನಿಷ್ಠ 20 ಮೀಟರ್ ದೂರವಿರಬೇಕೆಂದೂ ಅವುಗಳನ್ನು ಸುತ್ತುವರಿಯಬಾರದೆಂದೂ ಸ್ಪಷ್ಟವಾಗಿ ಹೇಳಿದೆ. ಆದರೂ 2024ರ ಡಿಸೆಂಬರ್ 31ರಂದು ಮಹಾರಾಷ್ಟ್ರದ ಉಮ್ರೇಡ್ ಪವನಿ ಕರ್ಹಾಂಡ್ಲಾ ಅಭಯಾರಣ್ಯದಲ್ಲಿ ತಾಯಿಹುಲಿ ಮತ್ತು ಅದರ ಐದು ಮರಿಗಳನ್ನು ಜೀಪುಗಳು ಎರಡೂ ಕಡೆಯಿಂದ ಅಡ್ಡಗಟ್ಟಿದವು. ಬಾಂಬೆ ಹೈಕೋರ್ಟಿನ ನಾಗಪುರ ಪೀಠ ಅದನ್ನು ಸ್ವಯಂಪ್ರೇರಿತವಾಗಿ ವಿಚಾರಣೆಗೆ ಎತ್ತಿಕೊಂಡಿತು. ಚಾಲಕರು ಮತ್ತು ಗೈಡ್‌ಗಳ ಮೇಲೆ ಕ್ರಮವಾಯಿತು. ತಪ್ಪಿತಸ್ಥರಿಗೆ ಶಿಕ್ಷೆಯಾಗಲೇಬೇಕು. ಆದರೆ ಹಿಂದಿನ ಸೀಟಿನಲ್ಲಿ ಕುಳಿತು ‘ಇನ್ನೂ ಹತ್ತಿರ’ ಎನ್ನುವವರ ಒತ್ತಾಯವನ್ನು ಹಾಗೆಯೇ ಬಿಟ್ಟು, ಸಂಬಳಕ್ಕೂ ಭಕ್ಷೀಸಿಗೂ ಅವರನ್ನೇ ನಂಬಿದವರನ್ನು ಮಾತ್ರ ದಂಡಿಸಿದರೆ ಮುಂದಿನ ವಾರ ಬೇರೊಬ್ಬ ಚಾಲಕ ಅದನ್ನೇ ಮಾಡುತ್ತಾನೆ.

ಛಾಯಾಗ್ರಾಹಕನಾಗಿ ನನಗೆ ಹೆಚ್ಚು ಬೇಸರ ತರಿಸುವುದು, ಈ ಅವಸರದಿಂದ ಚಿತ್ರವೂ ಕೆಡುತ್ತದೆ ಎಂಬುದು. ಈಗ ಶಿಬಿರಗಳಿಗೆ ಬರುವವರಲ್ಲಿ ಅನೇಕರ ಕೈಯಲ್ಲಿ 400ರಿಂದ 600 ಮಿಲಿಮೀಟರ್ ಲೆನ್ಸ್ ಇರುತ್ತದೆ. 40 ಮೀಟರ್ ದೂರದ ಹುಲಿಯ ಮೀಸೆಯನ್ನೂ ಎಣಿಸಬಹುದಾದ ಸಾಧನವದು. ಎತ್ತರದ ಜೀಪಿನಿಂದ ತೀರ ಹತ್ತಿರದ ಪ್ರಾಣಿಯನ್ನು ತೆಗೆದರೆ ಅದರ ಬೆನ್ನು ಮತ್ತು ನೆತ್ತಿಯೇ ಕಾಣುತ್ತವೆ. ದೂರ ಹೆಚ್ಚಿದಷ್ಟೂ ನೋಟದ ಕೋನ ತಗ್ಗಿ, ಹುಲಿಯ ಕಣ್ಣಿಗೆ ನಮ್ಮ ಕಣ್ಣು ಹೆಚ್ಚುಕಡಿಮೆ ಸಮನಾಗುತ್ತದೆ. ಎಂಜಿನ್ ಚಾಲೂ ಇದ್ದರೆ ಬೀನ್ ಬ್ಯಾಗಿನ (ಲೆನ್ಸ್‌ಗೆ ಆಸರೆಯಾಗುವ ಕಾಳು ತುಂಬಿದ ಚೀಲದ) ಮೇಲಿಟ್ಟ ಲೆನ್ಸ್ ಕೂಡ ನಡುಗುತ್ತದೆ. ಮುಂದೆ ನುಗ್ಗಿದ ಜೀಪು ಎಬ್ಬಿಸಿದ ಧೂಳು ಸಂಜೆಯ ಬೆಳಕನ್ನು ಮಬ್ಬಾಗಿಸುತ್ತದೆ. ಹುಲಿ ಮಣ್ಣುರಸ್ತೆಯಲ್ಲಿ ನಡೆಯುವಾಗ ಅನೇಕ ಬಾರಿ ತನ್ನ ಗಡಿಯ ಮರಗಳಿಗೆ ಗುರುತು ಹಾಕುತ್ತಾ ಸಾಗುತ್ತದೆ. ಅದನ್ನು ಅದರ ಪಾಡಿಗೆ ಬಿಟ್ಟರೆ ಮರ ಮೂಸುತ್ತದೆ, ನಿಲ್ಲುತ್ತದೆ, ಹಿಂದಿರುಗಿ ನೋಡುತ್ತದೆ. ಅಡ್ಡಗಟ್ಟಿದ ಹುಲಿಯಿಂದ ಸಿಗುವುದು ಗಾಬರಿಗೊಂಡ ಮುಖವೊಂದೇ. ಆ ಸಂಜೆ ನನ್ನ ಕ್ಯಾಮೆರಾದಲ್ಲಿ ಉಳಿದದ್ದೂ ಅಂಥದೇ ಮುಖ. ಅದನ್ನು ನಾನು ಎಲ್ಲಿಯೂ ಪ್ರಕಟಿಸಿಲ್ಲ.

‘ಹುಲಿ ದರ್ಶನ ಖಚಿತ’ ಎಂಬ ಧಾಟಿಯ ಜಾಹೀರಾತುಗಳು ಈ ಒತ್ತಡದ ಬೇರಿನಲ್ಲಿವೆ. ಕಾಡು ಯಾರಿಗೂ ಅಂಥ ಮಾತು ಕೊಡುವುದಿಲ್ಲ. ಗೈಡ್‌ನ ಯೋಗ್ಯತೆಯನ್ನು ಹುಲಿಗಳ ಲೆಕ್ಕದಿಂದ ಅಳೆಯುವುದರಿಂದ ಜೇನುಕುರುಬ, ಬೆಟ್ಟಕುರುಬ, ಸೋಲಿಗ ಸಮುದಾಯಗಳ ಯುವಕರು ಮನೆಯಲ್ಲೇ ಕಲಿತ ವಿದ್ಯೆ, ಅಂದರೆ ಕೂಗು, ಹೆಜ್ಜೆ, ಲದ್ದಿ, ಮುರಿದ ರೆಂಬೆ, ಬಿದಿರಿನ ಹೂವು, ಹೆಜ್ಜೇನಿನ ಕಾಲ ಇವೆಲ್ಲದರ ತಿಳಿವಳಿಕೆ ಬೆಲೆಯಿಲ್ಲದಂತಾಗುತ್ತಿದೆ. ಸೀಳುನಾಯಿಗಳ ಗುಂಪು, ಕಾಟಿಗಳ ಹಿಂಡು, ಬೇಸಿಗೆಯಲ್ಲಿ ಕಬಿನಿ ಹಿನ್ನೀರು ಇಳಿದಾಗ ಚಿಗುರುವ ಹುಲ್ಲಿಗೆ ಬರುವ ಆನೆಗಳು, ಇವೆಲ್ಲ ಹುಲಿ ಸಿಗದ ದಿನದ ಸಮಾಧಾನವೆಂದು ಶಿಬಿರಾರ್ಥಿಗಳು ತಿಳಿಯುವಂತಾಗಿರುವುದು ನಿಜಕ್ಕೂ ನೋವಿನ ಸಂಗತಿ.

ಕಾಡಿನ ಹೊರಗೂ ಇದರ ಪರಿಣಾಮವಿದೆ. 2022ರ ಅಂದಾಜಿನಂತೆ ರಾಜ್ಯದಲ್ಲಿ 563 ಹುಲಿಗಳಿದ್ದು, ದೇಶದಲ್ಲಿ ಮಧ್ಯಪ್ರದೇಶದ ಬಳಿಕ ನಮ್ಮದೇ ಎರಡನೆಯ ಸ್ಥಾನ. ಮೈಸೂರು ಜಿಲ್ಲೆಯ ಸರಗೂರು ಭಾಗದಲ್ಲಿ ಹುಲಿ ದಾಳಿಯಿಂದ ರೈತರು ಪ್ರಾಣ ಕಳೆದುಕೊಂಡ ಬಳಿಕ 2025ರ ನವೆಂಬರ್‌ನಲ್ಲಿ ಸರ್ಕಾರ ನಾಗರಹೊಳೆ ಮತ್ತು ಬಂಡೀಪುರದ ಸಫಾರಿಯನ್ನು ಸ್ಥಗಿತಗೊಳಿಸಿತು. ಹುಲಿ ಊರಿಗೆ ಬರಲು ಸಫಾರಿಯೊಂದೇ ಕಾರಣವೆಂದು ನಾನು ಒಪ್ಪುವುದಿಲ್ಲ. ವಯಸ್ಸಾದ ಮತ್ತು ನೆಲೆ ಹುಡುಕುವ ಎಳೆಯ ಹುಲಿಗಳು ಅಂಚಿಗೆ ತಳ್ಳಲ್ಪಡುವುದು, ಹುಲ್ಲುಗಾವಲನ್ನು ಲಂಟಾನ ನುಂಗುತ್ತಿರುವುದು ಕೂಡ ಲೆಕ್ಕಕ್ಕೆ ಬರಬೇಕು. ಆದರೆ ತಮ್ಮ ದನಕರುಗಳನ್ನು ಕಾಡಿಗೆ ಬಿಡಲಾಗದ ರೈತರು, ಅದೇ ಕಾಡಿನೊಳಗೆ ಹುಲಿಯ ಹಿಂದೆ ಜೀಪುಗಳು ಓಡುವುದನ್ನು ನೋಡಿ ಸಿಟ್ಟಾದರೆ ಆ ಸಿಟ್ಟನ್ನು ಅನ್ಯಾಯವೆನ್ನಲಾಗದು. ಅದೇ ತಿಂಗಳು ಸುಪ್ರೀಂ ಕೋರ್ಟ್ ಹುಲಿ ಕಾಡುಗಳ ಕೋರ್ (ಒಳಗಿನ ಮುಖ್ಯ) ವಲಯದ ಪ್ರವಾಸೋದ್ಯಮ ಪ್ರದೇಶಗಳಲ್ಲಿ ಮೊಬೈಲ್ ಬಳಕೆಯನ್ನು ನಿಷೇಧಿಸಿದ್ದನ್ನು ನಾನು ಸ್ವಾಗತಿಸುತ್ತೇನೆ. ಹುಲಿ ಕಂಡ ಜಾಗದ ಸುದ್ದಿ ಫೋನಿನಲ್ಲಿ ಕ್ಷಣದಲ್ಲೇ ಎಲ್ಲ ಜೀಪುಗಳಿಗೂ ಮುಟ್ಟುವುದು ಹೀಗೆಯೇ ತಪ್ಪಬೇಕು.

ಅರಣ್ಯ ಇಲಾಖೆಯಲ್ಲಿ ನನ್ನ ವಿನಂತಿ ಇಷ್ಟು. ಛಾಯಾಗ್ರಹಣ ಶಿಬಿರಗಳ ಅನುಮತಿಗೆ ಪ್ರತ್ಯೇಕ ಷರತ್ತುಗಳಿರಲಿ. ಜೀಪು ಎಲ್ಲಿ ನಿಲ್ಲಬೇಕು, ಯಾವಾಗ ಹೊರಡಬೇಕು ಎಂಬ ತೀರ್ಮಾನ ಲಿಖಿತವಾಗಿ ಗೈಡ್‌ನದಾಗಿರಲಿ. ಆತನ ಮಾತು ಮೀರುವಂತೆ ಒತ್ತಾಯಿಸಿದ ಶಿಬಿರದ ಆಯೋಜಕರಿಗೆ ಮುಂದಿನ ಋತುವಿನ ಅನುಮತಿ ಸಿಗದಿರಲಿ. ಗೈಡ್‌ಗಳ ಸಂಭಾವನೆಯನ್ನು ಇಲಾಖೆಯೇ ನಿಗದಿಪಡಿಸಿ, ಭಕ್ಷೀಸನ್ನು ಎಲ್ಲರೂ ಹಂಚಿಕೊಳ್ಳುವ ಒಂದೇ ಪೆಟ್ಟಿಗೆಗೆ ಹಾಕಿಸಿದರೆ, ಹುಲಿಯಿಂದ ದೂರ ನಿಂತವನಿಗೆ ನಷ್ಟವಾಗುವುದಿಲ್ಲ. ಇದರ ಜೊತೆಗೆ ನಾವು ತೆಗೆದ ಚಿತ್ರಗಳನ್ನು ದಿನಾಂಕದೊಡನೆ ಪಡೆಯುವ ವ್ಯವಸ್ಥೆಯನ್ನೂ ಇಲಾಖೆ ಮಾಡಬಹುದು. ಪ್ರತಿ ಹುಲಿಯ ಪಟ್ಟೆಗಳೂ ಬೇರೆಯಾಗಿರುವುದರಿಂದ, ಎರಡೂ ಪಕ್ಕೆಗಳು ಸ್ಪಷ್ಟವಾಗಿ ಕಾಣುವ ಚಿತ್ರಗಳು ಯಾವ ಹುಲಿ ಎಲ್ಲಿದೆ ಎಂದು ತಿಳಿಯಲು ನೆರವಾಗುತ್ತವೆ. ನನ್ನ ಹದಿನೈದು ವರ್ಷಗಳ ಸಂಗ್ರಹವನ್ನು, ಆ ಸಂಜೆಯ ಚಿತ್ರವೂ ಸೇರಿದಂತೆ, ಇಲಾಖೆಗೆ ಉಚಿತವಾಗಿ ಒಪ್ಪಿಸಲು ಸಿದ್ಧನಿದ್ದೇನೆ.

ಇಂತಿ,
ಒಬ್ಬ ಹವ್ಯಾಸಿ ಛಾಯಾಗ್ರಾಹಕ
ಮೈಸೂರು