ತೋಟಾ ತುಂಬುವ ಸಾಮಾನು ಬೇಡ. ಕೋವಿ ಶುಚಿ ಸೆಟ್ ಬೇಕಾದವರು ಹೆಸರು ಹಾಕಿ

ಎಲ್ಲರಿಗೂ ನಮಸ್ಕಾರ. ಬೆಳೆ ರಕ್ಷಣೆಗೆ ಕೋವಿ ಲೈಸೆನ್ಸ್ ಇರುವ ಶಿರಸಿ ಸುತ್ತಿನ ಸದಸ್ಯರೆಲ್ಲ ದಯವಿಟ್ಟು ಪೂರ್ತಿ ಓದಿ.

ಯೂಟ್ಯೂಬ್ ನೋಡಿ ಕೆಲವರು ಕೇಳಿದ್ದೀರಿ, ಹಾರಿಸಿ ಖಾಲಿಯಾದ ತೋಟಾಕ್ಕೆ ಮನೆಯಲ್ಲೇ ಮತ್ತೆ ಮದ್ದು, ಗುಂಡು ತುಂಬಲು ಮೊದಲು ಯಾವ ಪ್ರೆಸ್ (ಒತ್ತುವ ಯಂತ್ರ), ಯಾವ ಡೈ (ಅಚ್ಚು), ಯಾವ ತಕ್ಕಡಿ ಕೊಳ್ಳಬೇಕು ಅಂತ. ಅದು ಅಮೆರಿಕದವರ ಹವ್ಯಾಸ. ನಮ್ಮಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಕಲಮಿನಂತೆ ಮದ್ದುಗುಂಡು ತಯಾರಿಸಲು ಬೇರೆಯೇ ಲೈಸೆನ್ಸ್ ಬೇಕು. ಕೋವಿ ಇಟ್ಟುಕೊಳ್ಳುವ ಲೈಸೆನ್ಸ್ ಸಾಲದು. 2019ರ ತಿದ್ದುಪಡಿಯ ಮೇಲೆ ಶಿಕ್ಷೆ ಕನಿಷ್ಠ 7 ವರ್ಷ, ಜೀವಾವಧಿಯವರೆಗೂ ಆಗಬಹುದು. ಮಂಗ ಓಡಿಸಲು ಹೋಗಿ ಜೈಲು ಸೇರುವುದು ಯಾಕೆ ಮಾರಾಯ್ರೆ? ಆರ್ಡರ್ ಹಾಕಿದ್ದರೆ ಇಂದೇ ರದ್ದು ಮಾಡಿ.

ನಮಗೆ ನಿಜಕ್ಕೂ ಬೇಕಾದದ್ದು ಮಳೆಗಾಲಕ್ಕೆ ಮುಂಚಿನ ಶುಚಿ ಸೆಟ್: ನಳಿಗೆಯ ಬೋರಿಗೆ (ಒಳಗಿನ ಅಗಲಕ್ಕೆ) ಹೊಂದುವ ಕೋಲು, ಕಂಚಿನ ಬ್ರಷ್, ಹತ್ತಿ ಬಟ್ಟೆ, ಕೋವಿ ಎಣ್ಣೆ. ಅಡುಗೆ ಎಣ್ಣೆ ಹಚ್ಚಬೇಡಿ, ಅಂಟುಗಟ್ಟುತ್ತದೆ. ಒರೆಸುವ ಮೊದಲು ಕೋವಿ ಖಾಲಿಯಿದೆಯೇ ಎಂದು ಎರಡೆರಡು ಸಲ ನೋಡಿ. ಚರ್ಮದ ಚೀಲದೊಳಗೆ ಇಟ್ಟರೆ ತೇವ ಹಿಡಿದು ತುಕ್ಕು ಬರುತ್ತದೆ. ತೋಟಾಗಳನ್ನು ಗಾಳಿಯಾಡದ ಡಬ್ಬಿಯಲ್ಲಿ ಹಾಕಿ, ಕೋವಿಯಿಂದ ಬೇರೆ ಬೀಗದಲ್ಲಿಡಿ. ತೇವ ಕುಡಿದು ಉಬ್ಬಿದ್ದನ್ನು ಬಚ್ಚಲ ಒಲೆ ಹತ್ತಿರ ಒಣಗಿಸುವ ಸಾಹಸ ಖಂಡಿತ ಬೇಡ.

ಬರುವ ಭಾನುವಾರ ಮಧ್ಯಾಹ್ನ 3ಕ್ಕೆ ಸೊಸೈಟಿ ಮಹಡಿಯಲ್ಲಿ ಸೇರೋಣ. ಕೋವಿ ತರಬೇಡಿ, ಲೈಸೆನ್ಸಿನ ಝೆರಾಕ್ಸ್ ಸಾಕು. ನವೀಕರಣದ ತಾರೀಕು ಅಲ್ಲೇ ನೋಡೋಣ.

ಸೆಟ್ ಬೇಕಾದವರು ಶುಕ್ರವಾರ ರಾತ್ರಿಯೊಳಗೆ ಹೆಸರು, ಬೋರ್ ಅಳತೆ ಹಾಕಿ. ಒಟ್ಟಿಗೆ ತರಿಸಿದರೆ ಅಗ್ಗ. ಬರೀ ಹೆಬ್ಬೆಟ್ಟಿನ ಇಮೋಜಿ ಒತ್ತಿದರೆ ಬೋರ್ ಗೊತ್ತಾಗುವುದಿಲ್ಲ.