ಸೀನಿಯಾರಿಟಿ ಪಟ್ಟಿ: ಆಕ್ಷೇಪಣೆ ಕೊಡೋ ಮುಂಚೆ

ಎಲ್ಲ ಪೈಲಟ್‌ಗಳ ಗಮನಕ್ಕೆ. ಎರಡು ವಿಮಾನ ಕಂಪನಿಗಳು ಒಂದಾಗುವಾಗ ಎರಡೂ ಕಡೆಯ ಪೈಲಟ್‌ಗಳ ಸೀನಿಯಾರಿಟಿ (ಸೇವಾ ಹಿರಿತನ) ಪಟ್ಟಿಗಳನ್ನು ಒಂದು ಸೂತ್ರ ಹಿಡಿದು ಒಂದೇ ಪಟ್ಟಿಯಾಗಿ ಹೆಣೆಯುತ್ತಾರೆ. ಸೂತ್ರದ ಬಗ್ಗೆ ಜಗಳ ಆಮೇಲೆ, ಮೊದಲು ಪಟ್ಟಿಯಲ್ಲಿ ನಿಮ್ಮ ಸಾಲು ಸರಿ ಇದೆಯಾ ನೋಡಿಕೊಳ್ಳಿ. ಸೇರಿದ ದಿನಾಂಕ, ಹುಟ್ಟಿದ ದಿನಾಂಕ, ಲೇಆಫ್ ಅವಧಿ (ಕೆಲಸವಿಲ್ಲವೆಂದು ಕಂಪನಿ ಮನೆಗೆ ಕಳಿಸಿದ್ದ ಕಾಲ), ಕಟ್‌ಆಫ್ ದಿನ (ಪಟ್ಟಿಯ ಲೆಕ್ಕಕ್ಕೆ ಹಿಡಿದ ದಿನ) ನೀವು ಕ್ಯಾಪ್ಟನ್ನೋ ಫಸ್ಟ್ ಆಫೀಸರೋ, ಯಾವ ವಿಮಾನ. ಟ್ರೈನಿಂಗ್ ಶುರುವಾದ ದಿನವನ್ನು ಒಂದು ಕಂಪನಿ ಹಿಡಿದು, ಟ್ರೈನಿಂಗ್ ಮುಗಿದ ದಿನವನ್ನು ಇನ್ನೊಂದು ಹಿಡಿದಿದ್ದರೆ ಅಲ್ಲೇ ಎಡವಟ್ಟು. ನೇಮಕಾತಿ ಪತ್ರದ ಪ್ರತಿ ಲಗತ್ತಿಸಿ, ಗಡುವಿನೊಳಗೆ ಲಿಖಿತವಾಗಿ ಕೊಡಿ. ಫೋನಲ್ಲಿ ಹೇಳಿದ್ದು ಲೆಕ್ಕಕ್ಕಿಲ್ಲ.

ಇನ್ನು ಸೂತ್ರ. ಸೇರಿದ ದಿನಾಂಕವನ್ನೇ ಹಿಡಿದರೆ ಹಳೇ ಕಂಪನಿಯವರು ಮೇಲೆ. ಅನುಪಾತವಾದರೆ, ಒಂದು ಕಡೆ 900, ಇನ್ನೊಂದು ಕಡೆ 300 ಕ್ಯಾಪ್ಟನ್‌ಗಳಿದ್ದಲ್ಲಿ ಮೂವರ ನಂತರ ಒಬ್ಬರಂತೆ ಹೆಣೆಯುತ್ತಾರೆ. ಬೇಗ ಬೆಳೆದ ಕಂಪನಿಯ 5 ವರ್ಷದವರು 12 ವರ್ಷದವರ ಮೇಲೆ ಕೂರಬಹುದು. ಅದು ಟೈಪಿಂಗ್ ತಪ್ಪಲ್ಲ, ಅದರ ಮೇಲೆ ಆಕ್ಷೇಪಣೆ ಬರೆದು ಸಮಯ ಹಾಳು ಮಾಡಬೇಡಿ. ದೊಡ್ಡ ವಿಮಾನದ ಸೀಟುಗಳಿಗೆ ಎಷ್ಟು ವರ್ಷ ‘ಬೇಲಿ’, ಅಂದರೆ ಒಂದು ಕಂಪನಿಯ ಸೀಟು ಆ ಕಂಪನಿಯವರಿಗೇ ಮೀಸಲು, ಅನ್ನೋದನ್ನ ಮಾತ್ರ ಗಟ್ಟಿಯಾಗಿ ಕೇಳಿ.

ಸೂತ್ರದ ಜಗಳ ಎಲ್ಲಿಗೆ ಹೋಗಬಹುದು ಅನ್ನೋದಕ್ಕೆ ಒಂದು ಉದಾಹರಣೆ. ಅಮೆರಿಕದಲ್ಲಿ 2005ರಲ್ಲಿ ಯುಎಸ್ ಏರ್‌ವೇಸ್, ಅಮೆರಿಕ ವೆಸ್ಟ್ ವಿಮಾನ ಕಂಪನಿಗಳು ಒಂದಾದವು. ಪೈಲಟ್‌ಗಳ ಪಟ್ಟಿ ಹೆಣೆಯೋ ಬಗ್ಗೆ 2007ರಲ್ಲಿ ಮಧ್ಯಸ್ಥಗಾರರ ತೀರ್ಪು ಬಂತು. ಯುಎಸ್ ಏರ್‌ವೇಸ್ ಪೈಲಟ್‌ಗಳು ಒಪ್ಪದೆ, 2008ರಲ್ಲಿ ಯೂನಿಯನ್ನೇ ಬದಲಾಯಿಸಿದರು. ಆ ತೀರ್ಪಿನ ಪಟ್ಟಿ ಜಾರಿಯಾಗಲೇ ಇಲ್ಲ.